ಅರ್ಧ ಸುತ್ತು ಸಡಿಲ

ಮಂಗಳವಾರ, ಊಟದ ಬಿಡುವಿನಲ್ಲಿ

ನನ್ನ ಪ್ರೀತಿಯ ಅಕ್ಕನಿಗೆ,

ಕ್ಷೇಮವಾಗಿದ್ದೇನೆ ಎಂದು ಶುರುಮಾಡುವುದು ರೂಢಿ. ಈ ಸಲ ಅದೊಂದು ಸುಳ್ಳನ್ನಾದರೂ ಕಮ್ಮಿ ಮಾಡುತ್ತೇನೆ.

ಟೀಚರ್‌ಗೆಂದು ಸ್ವೆಟರ್ ಹೆಣೆದು ಪಾರ್ಸೆಲ್ ಹಾಕಿದ್ದೇನೆ, ರಜೆಗೆ ಬಂದಾಗ ಅವರನ್ನು ನೋಡಲೇಬೇಕು ಎಂದು ಬರೆದಿದ್ದೀಯ. ಅಕ್ಕ, ಟೀಚರ್ ನನ್ನ ಗೆಳತಿಯಲ್ಲ. ಭಾನುವಾರ ಅವರ ಜೊತೆ ಪಾರ್ಕಿನಲ್ಲಿ ಸುತ್ತುತ್ತೇನೆ ಎಂದಿದ್ದೆನಲ್ಲ, ಪಾರ್ಕು ನಿಜ, ಸುತ್ತಿದ್ದು ನಿಜ, ಜೊತೆ ಮಾತ್ರ ಇರಲಿಲ್ಲ.

ಅವರು ನಮ್ಮ ಕನ್ನಡಕದಂಗಡಿಯ ಗಿರಾಕಿ. ಕನ್ನಡಕದ ಕಿವಿಕಡ್ಡಿ ಅಲ್ಲಾಡುತ್ತಿದೆ ಎಂದು ತಂದಿದ್ದರು. ನಾನು ಸ್ಕ್ರೂ ಬಿಗಿ ಮಾಡುತ್ತಿದ್ದಾಗ ನನ್ನ ಎಡಗೈ ನೋಡಿ, ಇದೇನ್ರೀ, ಈ ಕೈ ಒಂಚೂರು ಗಿಡ್ಡ ಇದ್ಯಲ್ಲ ಅಂದರು. ಸಣ್ಣವಳಿದ್ದಾಗ ಗೋಡೆ ಹತ್ತಿ ಬಿದ್ದದ್ದು, ಮೂಳೆ ಸರಿಯಾಗಿ ಕೂಡದೆ ಹೋದದ್ದು, ತಿಂಗಳುಗಟ್ಟಲೆ ನೀನೇ ನನಗೆ ಜಡೆ ಹಾಕಿದ್ದು, ಎಲ್ಲ ಹೇಳಿದೆ. ಸ್ಟೂಲು ಎಳೆದುಕೊಂಡು ಕೂತು ಕೇಳಿದರು. ಈ ಊರಿಗೆ ಬಂದು ಮೂರು ವರ್ಷವಾಯಿತು. ಮೂಗಿನ ಮೇಲೆ ಫ್ರೇಮು ಸರಿಯಾಗಿ ಕೂತಿದೆಯಾ ಎಂದು ದಿನಕ್ಕೆ ನಲವತ್ತು ಮುಖ ನೋಡುತ್ತೇನೆ. ನನ್ನನ್ನು ನೋಡಿದವರು ಅವರೊಬ್ಬರೇ.

ಶಾಲೆಯಲ್ಲಾದರೆ ಒಂದೇ ಬೆಂಚಿನಲ್ಲಿ ಕೂರಿಸಿದರೆ ಸಾಕಿತ್ತು, ಸ್ನೇಹವಾಗಿಬಿಡುತ್ತಿತ್ತು. ನಲವತ್ತೇಳನೇ ವಯಸ್ಸಿನಲ್ಲಿ, ನನ್ನ ಫ್ರೆಂಡ್ ಆಗ್ತೀರಾ ಎಂದು ಕೇಳಿದರೆ ಇವಳು ಏನೋ ಮಾರಲು ಬಂದಿದ್ದಾಳೆ ಅಂದುಕೊಳ್ಳುತ್ತಾರೆ. ಕೇಳುವ ಬದಲು ಸ್ಕ್ರೂ ಅರ್ಧ ಸುತ್ತು ಸಡಿಲ ಬಿಟ್ಟೆ.

ಹತ್ತು ದಿನಕ್ಕೆ ಮತ್ತೆ ಬಂದರು. ಮತ್ತೆ ಸ್ಟೂಲು, ಮತ್ತೆ ಮಾತು. ಅವರ ಅತ್ತೆ ಹಲ್ಲುಸೆಟ್ಟು ಬಾಯಲ್ಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕಿಸಿದ ಕಥೆ ನಿನಗೂ ಬರೆದಿದ್ದೆ, ಅದು ನಿಜ. ಹೋಗುವಾಗ ಮತ್ತೆ ಅರ್ಧ ಸುತ್ತು. ಹೀಗೆ ನಾಲ್ಕು ಸಲ. ಆ ನಾಲ್ಕು ಸಲವನ್ನೇ ಹಿಗ್ಗಿಸಿ ನಿನಗೆ ಆರು ಕಾಗದ ಬರೆದೆ.

ಹೋದ ತಿಂಗಳು ಶಾಲೆಯ ಮೆಟ್ಟಿಲಿಳಿಯುವಾಗ ಕಡ್ಡಿ ಕಳಚಿ ಕನ್ನಡಕ ಜಾರಿತಂತೆ. ಹಿಡಿಯಲು ಹೋಗಿ ಬಿದ್ದರು, ಕಾಲಿಗೆ ಪ್ಲಾಸ್ಟರ್. ಅವರ ಗಂಡ ಎರಡು ತುಂಡುಗಳನ್ನು ನನ್ನ ಮುಂದಿಟ್ಟು, ಕೆಲಸ ಬರ್ದೆ ಇದ್ರೆ ಮೊದ್ಲೇ ಹೇಳ್ಬೇಕು ಅಂದರು. ಅಂಗಡಿ ಯಜಮಾನರು ನನ್ನ ಮುಖ ನೋಡಿದರು. ಕಣ್ಣು ಮಂದವಾಗಿದೆ ಎಂದುಬಿಟ್ಟೆ. ಪಾಪ, ತಾವೇ ಕೂರಿಸಿ ಕಣ್ಣು ಪರೀಕ್ಷೆ ಮಾಡಿದರು. ಕಾಣುವ ಅಕ್ಷರವನ್ನೆಲ್ಲ ಕಾಣುವುದಿಲ್ಲ ಎಂದೆ. ಈಗ ನನಗೂ ಒಂದು ಕನ್ನಡಕ ಬಂದಿದೆ. ಅದರ ಮೇಲಿಂದ ಇಣುಕಿ ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ಟೀಚರ್ ಕುಂಟುತ್ತ ಬಂದರು. ತಡೆಯಲಾಗದೆ ನಿಜ ಹೇಳಿಬಿಟ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಂದ್ ಮಾತು ಕರೆದಿದ್ರೆ ನಾನೇ ಬರ್ತಿದ್ನಲ್ರೀ ಅಂದರು. ಆಮೇಲೆ ಕನ್ನಡಕವನ್ನು ನನ್ನ ಕೈಗೆ ಕೊಡದೆ ಪಕ್ಕದ ಕೌಂಟರಿನವರ ಮುಂದಿಟ್ಟರು. ಬಿಗಿಯಾಯ್ತಾ ಎಂದು ಅವರನ್ನು ಎರಡು ಸಲ ಕೇಳಿದರು. ಕುಂಟುಗಾಲಲ್ಲೇ ನಿಂತಿದ್ದರು, ಸ್ಟೂಲಿನ ಮೇಲೆ ಕೂರಲಿಲ್ಲ.

ಇನ್ನವರು ಬರುವುದಿಲ್ಲ. ಬೇರೆ ಯಾರನ್ನಾದರೂ ಹುಡುಕಿಕೋ ಎಂದು ಬರೆಯಬೇಡ ಅಕ್ಕ, ನನ್ನ ಕೈಲಾಗುವುದಿಲ್ಲ. ರಜೆಗೆ ಬಾ. ಪರಿಚಯ ಮಾಡಿಸಲು ಇಲ್ಲಿ ಯಾರೂ ಇಲ್ಲ.

ನಿನ್ನ ಸುಳ್ಳುಬುರುಕಿ ತಂಗಿ,
ಗುಬ್ಬಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪಾರ್ಸೆಲ್ ಬಂತು. ಟೀಚರ್ ನನಗಿಂತ ಒಂದು ಗೇಣು ಎತ್ತರ, ಮೈಕೈ ತುಂಬಿಕೊಂಡವರು ಎಂದು ನಿನಗೆ ಬರೆದಿದ್ದೆ. ಸ್ವೆಟರ್ ಹಾಕಿಕೊಂಡು ನೋಡಿದೆ. ನನ್ನ ಅಳತೆಗೇ ಇದೆ. ಎಡತೋಳು ಒಂದು ಬೆರಳು ಗಿಡ್ಡ. ನಿನಗೆ ಯಾವಾಗಿನಿಂದ ಗೊತ್ತಿತ್ತು ಅಕ್ಕ?