ಗೆಣಸಿನ ಪರೀಕ್ಷೆಯಲ್ಲಿ ಪಾಸಾದ ಹಂದಿ

ಮಾನ್ಯ ವಿದ್ಯಾಧಿಕಾರಿಗಳೇ,

ತಮ್ಮ ಹೊಸ ಪಠ್ಯಕ್ರಮದ ಪ್ರಕಾರ ನನ್ನ ಮಗಳು ನೀಲಾವತಿ ಫೇಲು. ಅವಳ ಗೆಣಸು ತಿಂದ ಕಾಡುಹಂದಿಯ ಫಲಿತಾಂಶವನ್ನು ತಾವಿನ್ನೂ ಪ್ರಕಟಿಸಿಲ್ಲ. ಇದೇ ನನ್ನ ದೂರು.

ಐವತ್ತೆರಡರ ಚುನಾವಣೆಯಾಗಿ ಅಂಗೈಯಗಲದ ನಮ್ಮ ಕೊಡಗು ರಾಜ್ಯಕ್ಕೆ ಹೊಸ ಸರ್ಕಾರ ಬಂತು, ಬೆನ್ನಿಗೇ ಹೊಸ ಪಠ್ಯಕ್ರಮವೂ ಬಂತು. ಮಕ್ಕಳು ಪುಸ್ತಕದ ಹುಳುಗಳಾಗಬಾರದು, ಮಣ್ಣು ಮುಟ್ಟಿ ಕಲಿಯಬೇಕು ಎಂದು ಅಪ್ಪಣೆಯಾಯಿತು. ಸಂತೋಷ. ನಮ್ಮ ಕರಿಕೆ ಕಡೆಯ ಮಕ್ಕಳು ಇಷ್ಟು ದಿನ ಮಣ್ಣು ಮುಟ್ಟದೆ ಆಕಾಶದಲ್ಲಿ ಓಡಾಡುತ್ತಿದ್ದರೆಂದು ಮಡಿಕೇರಿಯಲ್ಲಿ ಕೂತವರಿಗೆ ಯಾರು ಹೇಳಿದರೋ. ಅಂತೂ ಶಾಲೆಯ ಹಿಂದೆ ಮಗುವಿಗೊಂದು ಪಾತಿಯಂತೆ ಗೆಣಸು ನೆಟ್ಟರು. ಲೆಕ್ಕ ಗೆಣಸಿನಲ್ಲಿ, ಭೂಗೋಳ ಗೆಣಸಿನಲ್ಲಿ. ಬೆಳ್ಯಪ್ಪ ಮೇಷ್ಟ್ರು, ಪಾಪ, ಮೌರ್ಯ ಸಾಮ್ರಾಜ್ಯವನ್ನೂ ಗೆಣಸಿನ ಬಳ್ಳಿ ಹಿಡಿದೇ ಪಾಠಕ್ಕೆ ಎಳೆದು ತಂದರು.

ಆಗಸ್ಟ್ ಕೊನೆಗೆ ಬೆಳೆ ಪರೀಕ್ಷೆ. ಪಾತಿಯಲ್ಲಿ ಗೆಣಸಿಲ್ಲದವರು ವರ್ಷದ ಪರೀಕ್ಷೆಗೆ ಕೂರುವಂತಿಲ್ಲ. ಸ್ವಾಮಿ, ಅದು ಎಂಥ ಕಾಲವೆಂದು ತಮ್ಮ ಸಮಿತಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಗದ್ದೆ ಕೆಲಸ ಶುರುವಾದಾಗ ದೇವರ ಕೋಣೆ ಸೇರಿದ ಕೋವಿಯನ್ನು ಸೆಪ್ಟೆಂಬರಿನ ಆಯುಧ ಹಬ್ಬ ಕೈಲ್ ಮುಹೂರ್ತದ ಪೂಜೆಯಾಗುವ ತನಕ ನಾವು ಮುಟ್ಟುವುದಿಲ್ಲ. ಇದು ನಮಗೆ ಗೊತ್ತು, ಹಂದಿಗೂ ಗೊತ್ತು. ಪರೀಕ್ಷೆಯನ್ನು ಹಬ್ಬದಾಚೆಗೆ ಹಾಕಿ ಎಂದು ಬೇಡಿಕೊಂಡರೆ, "ಕೋವಿಯು ಪಠ್ಯಕ್ರಮದಲ್ಲಿ ಸೇರಿರುವುದಿಲ್ಲ" ಎಂದು ಉತ್ತರ ಬಂತು.

ಪರೀಕ್ಷೆಯ ಮುಂಜಾನೆ ಹಂದಿ ಬಂತು. ಕಾವಲಿದ್ದ ನಾನು ಡಬ್ಬ ಬಡಿದೆ, ಅದು ತಲೆಯೆತ್ತಲಿಲ್ಲ. ಬೆರಳು ಗಾತ್ರದ ಗೆಣಸಿದ್ದ ಪಾತಿಗಳನ್ನೆಲ್ಲ ಮೂಸಿ ಬಿಟ್ಟು, ನನ್ನ ಮಗಳದ್ದನ್ನು ಮಾತ್ರ ಬುಡಸಮೇತ ಮುಗಿಸಿತು. ಒಳ್ಳೆಯ ಬೆಳೆ ಯಾವುದೆಂದು ಹಂದಿಗೆ ತಿಳಿಯಿತು. ತಮ್ಮ ಇನ್‌ಸ್ಪೆಕ್ಟರರು ಗುಂಡಿ ನೋಡಿ ಸೊನ್ನೆ ಹಾಕಿದರು, ಬೆರಳು ಗಾತ್ರದವರನ್ನೆಲ್ಲ ಪಾಸು ಮಾಡಿದರು.

"ಹಂದಿ ತಿಂದರೆ ಗೂಡೆ ಎಂತ ಮಾಡ್ದು ಸಾರ್?" ಎಂದು ಹುಡುಗಿಯ ಪರವಾಗಿ ಕೇಳಿದೆ.

"ಕಾವಲೂ ಕೃಷಿಯ ಭಾಗವೇ" ಎಂದರು.

ಅಂದಿನಿಂದ ಹುಡುಗಿ ಸರಿಯಾಗಿ ಉಂಡಿಲ್ಲ. ನನ್ನ ತಾಯಿ ಪೂವಮ್ಮ ಇಂಥದೊಂದು ನೆಪಕ್ಕೇ ಕಾದಿದ್ದವರು, "ಓದಿದ್ ಸಾಕ್, ಇನ್ನ್ ಮನೆಲಿ ಇರ್ಲಿ" ಎಂದು ಪಟ್ಟು ಹಿಡಿದಿದ್ದಾರೆ. ಊರೆಲ್ಲ ನಗುತ್ತದೆ.

ಕೈಲ್ ಮುಹೂರ್ತ ಕಳೆಯಿತು, ಕೋವಿ ಹೊರಬಂತು. ಹಂದಿ ರುಚಿ ಕಂಡ ಪಾತಿಗೇ ಮತ್ತೆ ಬಂತು, ಹಿಂದಿರುಗಲಿಲ್ಲ. ಮರುದಿನ ನನ್ನ ಮೊದಲ ದೂರಿನ ವಿಚಾರಣೆಗೆಂದು ಅದೇ ಇನ್‌ಸ್ಪೆಕ್ಟರರು ಮನೆಗೆ ಬಂದರು. ಬಂದವರನ್ನು ಉಣ್ಣಿಸದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕಡುಬಿಗೆ ಹಂದಿ ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡು, "ಈ ಮಾಂಸಕ್ಕೆ ಏನೋ ಒಂದು ಸಿಹಿ ಉಂಟಲ್ಲ" ಎಂದರು.

ಬಡಿಸುತ್ತಿದ್ದ ನೀಲಾವತಿ, "ಅದು ನನ್ನ ಗೆಣಸು ಸಾರ್" ಎಂದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬೆಳೆ ಇಲಾಖೆಗೆ ತಲುಪಿದೆ, ಇಲಾಖೆ ಅದನ್ನು ಬಾಯಿ ತುಂಬ ಮೆಚ್ಚಿದೆ. ಸೊನ್ನೆ ಅಳಿಸಿ ಹುಡುಗಿಯನ್ನು ಪರೀಕ್ಷೆಗೆ ಕೂರಿಸಿ. ಆಗದಿದ್ದರೆ ಇನ್‌ಸ್ಪೆಕ್ಟರರು ಉಂಡದ್ದನ್ನು ಅವಳ ಪಾತಿಗೆ ಹಿಂತಿರುಗಿಸಲಿ.

ಇಂತಿ,
ಹಂದಿಗೂ ಇಲಾಖೆಗೂ ಒಂದೇ ಪಾತಿಯಿಂದ ಉಣ್ಣಿಸಿದ
ಮೊಣ್ಣಪ್ಪ