ಫ್ರೀಜರ್‌ನಲ್ಲಿರುವ ನೆಲ

ಆಕ್ಲೆಂಡ್, ಆಗಸ್ಟ್ ೧೪, ಗುರುವಾರ

ಮೊನ್ನೆ ಹುಟ್ಟಿದ ಮೊಮ್ಮಗಳ ಮಾಸು ಐಸ್‌ಕ್ರೀಮ್ ಡಬ್ಬಿಯೊಳಗೆ, ಫ್ರೀಜರ್‌ನಲ್ಲಿ, ನನ್ನ ಮರಗೆಣಸಿನ ಪಕ್ಕ ಕೂತಿದೆ. ಬೀಗಿತ್ತಿ ಪಾರೆಹುಯಾ ನಾಳೆ ಅದನ್ನು ಉತ್ತರಕ್ಕೆ ಒಯ್ದು, ತನ್ನ ಮಾವೊರಿ ಹಿರಿಯರ ಜಮೀನಿನಲ್ಲಿ ಹೂಳುತ್ತಾಳಂತೆ.

"ನಮ್ಮಲ್ಲಿ ಫೆನುವಾ ಅಂದ್ರೆ ನೆಲಾನೂ ಹೌದು, ಮಾಸೂ ಹೌದು ಕಣ್ರೀ. ನೆಲದ್ದು ನೆಲಕ್ಕೇ ಹೋಗ್ಬೇಕು," ಅಂದಳು.

"ನಮ್ಮ ಫಿಜಿಯಲ್ಲೂ ಅದೇ ಮಾತು, ವನುವಾ ಅಂತೀವಿ. ಆದ್ರೆ ನೆಲದ ಜೊತೆ ಅಲ್ಲಿನ ಜನಾನೂ ಅದ್ರಲ್ಲಿ ಸೇರ್ತಾರೆ. ಮಗು ಅಪ್ಪನ ಕಡೆ ಜನಕ್ಕೆ ಸೇರಿದ್ದು," ಎಂದೆ.

"ಇಲ್ಲೆಲ್ಲಿದ್ದಾರ್ರೀ ನಿಮ್ಮ ಜನ?" ಎಂದು ನಕ್ಕಳು. ನನ್ನ ಮಗ ಸೆರು ಪಾಳಿಗೆ ಹೊತ್ತಾಯ್ತೆಂದು ಬೂಟು ಹುಡುಕತೊಡಗಿದ. ಪುಕ್ಕಲ.

ಹೊಕ್ಕುಳಬಳ್ಳಿ ಉದುರಿದರೆ ಅದು ನನ್ನದು ಎಂದು ಹೇಳಿಯೇಬಿಟ್ಟೆ. ಊರಲ್ಲಾಗಿದ್ದರೆ ಅದನ್ನು ಹೂತು ಮೇಲೊಂದು ತೆಂಗಿನ ಸಸಿ ನೆಡುತ್ತಿದ್ದೆ.

"ತಗೊಳ್ಳಿ, ಯಾರು ಬೇಡ ಅಂದ್ರು? ಆದ್ರೆ ಈ ಚಳೀಲಿ ತೆಂಗು ಎಲ್ಲಿ ಬರುತ್ತೆ?"

ಈಗ ನಡುರಾತ್ರಿ. ನಿದ್ದೆ ಬರದೆ ಇದನ್ನು ಬರೆಯುತ್ತ ಕೂತಿದ್ದೇನೆ.

ಮಗು ಅಳತೊಡಗಿದೆ. ಸೆರು ರಾತ್ರಿಪಾಳಿಗೆ ಹೋಗಿದ್ದಾನೆ, ಸೊಸೆಗೆ ನಿದ್ದೆಯಲ್ಲಿ ಮೈಮೇಲೆ ಎಚ್ಚರವಿಲ್ಲ, ಬೀಗಿತ್ತಿ ಗೊರಕೆ ಹೊಡೆಯುತ್ತಿದ್ದಾಳೆ. ನಮ್ಮ ಜನ ಎಲ್ಲಿದ್ದಾರೆ ಅಂದಳಲ್ಲ! ಇಗೋ, ಅವರಲ್ಲೊಬ್ಬಳು ಪೆನ್ನು ಕೆಳಗಿಟ್ಟು ಏಳುತ್ತಿದ್ದಾಳೆ