ಪೋರ್ಷನ್‌ನಲ್ಲಿಲ್ಲದ ನೀರು

ಪೀಣ್ಯ, ೧೯೮೪

ಮೇಷ್ಟ್ರೇ,

ಇದನ್ನು ಯಾವ ವಿಳಾಸಕ್ಕೆ ಹಾಕಲಿ? ನೀವು ತೀರಿಕೊಂಡದ್ದು ಇಲ್ಲಿ ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೆ. ಮಾರಕ್ಕನಿಗೆ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ತನ್ನ ಬಾವಿ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಕಾಲೇಜಿಗೆ ಬಂದಿದ್ದಳು. ಪ್ಲೇಟಿಂಗ್ ಕಾರ್ಖಾನೆ ಪಕ್ಕದ ಅದೇ ಬಾವಿ. ಪಾಠ ನಿಲ್ಲಿಸಿ, ನೀರು ಪರೀಕ್ಷೆ ಮಾಡೋಕೆ ನಮ್ಮನ್ನೆಲ್ಲ ನೀವು ಕರಕೊಂಡು ಹೋಗುತ್ತಿದ್ದಿರಲ್ಲ, ಅದು. ನೀರು ಇನ್ನೂ ಹಳದಿಯೇ.

“ಕೆಮಿಸ್ಟ್ರಿ ಮೇಷ್ಟ್ರು ಎಲ್ಲವ್ರೆ?” ಅಂದಳು.

“ಅವರಿಲ್ಲ. ಅವರ ಜಾಗದಲ್ಲಿ ಈಗ ನಾನಿದ್ದೀನಿ” ಅಂದೆ.

“ಅಂಗಾರೆ ನೀನೇ ನೋಡವ್ವ” ಅಂತ ಬಾಟಲಿ ನನ್ನ ಕೈಗಿಟ್ಟು ಹೋದಳು.

ನಿಮ್ಮನ್ನು ಕೆಲಸದಿಂದ ತೆಗೆದ ಕಮಿಟಿಯಲ್ಲಿ ಆ ಕಾರ್ಖಾನೆಯ ಮಾಲೀಕರೂ ಕೂತಿದ್ದರು. ಬಾವಿಯ ಮಾತನ್ನು ಯಾರೂ ಎತ್ತಲಿಲ್ಲವಂತೆ. “ಪೋರ್ಷನ್ ಮುಗಿಸಿದ್ರಾ?” ಅನ್ನುವುದೊಂದೇ ಪ್ರಶ್ನೆ. ನೀವು ಮುಗಿಸಿರಲಿಲ್ಲ. ಅರ್ಧ ಕ್ಲಾಸು ಫೇಲಾಗಿತ್ತು. ನನ್ನ ಪಕ್ಕ ಕೂರುತ್ತಿದ್ದ ಅಂಜಿನಮ್ಮ ಓದು ಬಿಟ್ಟು ಊದುಬತ್ತಿ ಹೊಸೆಯೋಕೆ ಹೋದಳು. ಆ ಸಿಟ್ಟು ನನಗೆ ನಿಮ್ಮ ಮೇಲೆ ಇವತ್ತಿಗೂ ಇದೆ.

ನಾನು ಪ್ರತಿ ವರ್ಷ ಪೋರ್ಷನ್ ಮುಗಿಸುತ್ತೇನೆ, ಮೇಷ್ಟ್ರೇ. ನನ್ನ ಕ್ಲಾಸಿನಲ್ಲಿ ಯಾರೂ ಫೇಲಾಗುವುದಿಲ್ಲ.

ಮಾರಕ್ಕ ಕೊಟ್ಟ ಬಾಟಲಿಯನ್ನು ಕ್ಲಾಸಿಗೆ ಒಯ್ದು ಮೇಜಿನ ಮೇಲಿಟ್ಟೆ. ಮಕ್ಕಳೆಲ್ಲ ಪೆನ್ನು ಹಿಡಿದು ಅದನ್ನೇ ನೋಡಿದರು. ಮುಂದಿನ ಬೆಂಚಿನ ಹುಡುಗಿ ಕೇಳಿದಳು: “ಮೇಡಂ, ಇದು ಪೋರ್ಷನ್‌ನಲ್ಲಿದೆಯಾ?”

ಇಲ್ಲ ಅಂದೆ.

ಎಲ್ಲರೂ ಪೆನ್ನಿಗೆ ಕ್ಯಾಪ್ ಹಾಕಿದರು.